ತರಗತಿಗೆ ಯಾವ ಕಲಿಕಾ ಸಿದ್ಧಾಂತ? ಶಿಕ್ಷಕರಿಗೊಂದು ಹೋಲಿಕೆಯ ಮಾರ್ಗದರ್ಶಿ

ಶಿಕ್ಷಕ ತರಬೇತಿಯ ಪಠ್ಯಪುಸ್ತಕಗಳಲ್ಲಿ ಕಲಿಕೆಯ ಸಿದ್ಧಾಂತಗಳು ಒಂದರ ಹಿಂದೊಂದು ಅಧ್ಯಾಯಗಳಾಗಿ ಸಾಲುಗಟ್ಟಿ ಬರುತ್ತವೆ: ಮೊದಲು ಕಲಿಕೆಯನ್ನು ವರ್ತನೆಯ ಬದಲಾವಣೆ ಎಂದು ನೋಡುವ ವರ್ತನಾವಾದ, ಅನಂತರ ಸ್ಮೃತಿ, ಯೋಚನೆಗಳ ಮೂಲಕ ನೋಡುವ ಸಂಜ್ಞಾನಾತ್ಮಕ ಸಿದ್ಧಾಂತಗಳು, ಕೊನೆಗೆ ಜ್ಞಾನವನ್ನು ಕಲಿಯುವವರೇ ಕಟ್ಟಿಕೊಳ್ಳುತ್ತಾರೆ ಎನ್ನುವ ರಚನಾವಾದ. ಈ ಜೋಡಣೆಯೇ ಓದುವವರ ಮನಸ್ಸಿನಲ್ಲಿ ಒಂದು ತಪ್ಪು ಚಿತ್ರವನ್ನು ಮೂಡಿಸುತ್ತದೆ. ಹಿಂದಿನದನ್ನು ಮುಂದಿನದು ಸೋಲಿಸಿತು, ಕೊನೆಯಲ್ಲಿ ಬಂದದ್ದೇ ಗೆದ್ದಿತು ಎಂದು ಅನ್ನಿಸಿಬಿಡುತ್ತದೆ. ಹೀಗಾಗಿ ಮಗ್ಗಿಯನ್ನು ಬಾಯಿಪಾಠ ಮಾಡಿಸುವ ಶಿಕ್ಷಕರು ತಾವು ಕಾಲಕ್ಕೆ ಹಿಂದೆ ಬಿದ್ದೆವೇನೋ ಎಂದು ಅಳುಕುತ್ತಾರೆ; ದಿನವೂ ಗುಂಪು ಚಟುವಟಿಕೆ ಮಾಡಿಸುವವರು, ಮಕ್ಕಳಿಗೆ ವಿಷಯ ಹತ್ತದಿದ್ದರೂ, ತಮ್ಮ ದಾರಿ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಈ ಬರಹದ ನಿಲುವು ಬೇರೆ. ಸಿದ್ಧಾಂತವನ್ನು ಶಿಕ್ಷಕರ ಒಲವಾಗಲಿ, ಅದು ಹುಟ್ಟಿದ ಇಸವಿಯಾಗಲಿ ನಿರ್ಧರಿಸಬಾರದು. ಕಲಿಯಬೇಕಾದ ಸಂಗತಿ ಎಂಥದ್ದು ಎಂಬುದು ಒಂದು ಪ್ರಶ್ನೆ. ಆ ಸಂಗತಿಯ ಬಗ್ಗೆ ಕಲಿಯುವವರಿಗೆ ಈಗಾಗಲೇ ಎಷ್ಟು ಗೊತ್ತಿದೆ ಎಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ಸಿಕ್ಕಿದರೆ ಆಯ್ಕೆಯ ಕೆಲಸ ಬಹುಮಟ್ಟಿಗೆ ಮುಗಿದಂತೆಯೇ. ಉತ್ತರ ಸಿಗುವ ಮೊದಲೇ ಪಾಠಯೋಜನೆಯ ಮೇಲೆ ಯಾವುದೋ ಒಂದು ವಾದದ ಹೆಸರು ಬರೆದರೆ ಅದು ಅಲಂಕಾರ ಮಾತ್ರ.

ಒಂದೇ ತಪ್ಪನ್ನು ನೋಡುವ ಬಗೆಗಳು

ಸಿದ್ಧಾಂತಗಳನ್ನು ವ್ಯಾಖ್ಯೆಗಳ ಮೂಲಕ ಹೋಲಿಸುವುದಕ್ಕಿಂತ ಒಂದು ತಪ್ಪುತ್ತರದ ಮುಂದೆ ಅವುಗಳನ್ನು ನಿಲ್ಲಿಸಿ ನೋಡುವುದು ಹೆಚ್ಚು ಉಪಯುಕ್ತ. ಭಿನ್ನರಾಶಿಗಳ ಸಂಕಲನದಲ್ಲಿ ಒಬ್ಬ ವಿದ್ಯಾರ್ಥಿ 1/2 + 1/3 = 2/5 ಎಂದು ಬರೆದಿದ್ದಾನೆ ಎಂದುಕೊಳ್ಳೋಣ. ಗಣಿತ ಕಲಿಸಿದ ಎಲ್ಲರೂ ಕಂಡಿರುವ ತಪ್ಪು ಇದು.

ವರ್ತನಾವಾದದ ದೃಷ್ಟಿಯಲ್ಲಿ ಇದು ಸರಿಯಾದ ಪ್ರತಿಕ್ರಿಯೆ ಇನ್ನೂ ಬಲಗೊಂಡಿಲ್ಲ ಎಂಬುದರ ಗುರುತು: ಹಂತಗಳನ್ನು ಸಾಕಷ್ಟು ಚಿಕ್ಕದಾಗಿ ಒಡೆದು ಅಭ್ಯಾಸ ಮಾಡಿಸಿಲ್ಲ, ತಪ್ಪಾದಾಗ ತಕ್ಷಣ ತಿಳಿಸಿಲ್ಲ. ಸಂಜ್ಞಾನಾತ್ಮಕ ದೃಷ್ಟಿಗೆ ಕಾಣುವುದು ಹೊರೆ: ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಕಂಡುಹಿಡಿಯುವುದು, ಎರಡೂ ಭಿನ್ನರಾಶಿಗಳನ್ನು ಅದಕ್ಕೆ ಪರಿವರ್ತಿಸುವುದು, ಅಂಶಗಳನ್ನು ಕೂಡುವುದು ಎಂಬ ಮೂರು ಕೆಲಸಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಡಲಾಗದೆ ವಿದ್ಯಾರ್ಥಿ ಸುಲಭದ ದಾರಿಗೆ ಜಾರಿದ್ದಾನೆ. ರಚನಾವಾದಿಯ ಪ್ರಕಾರ ಇಲ್ಲಿ ಅಜಾಗರೂಕತೆಯೇ ಇಲ್ಲ. ಪೂರ್ಣಸಂಖ್ಯೆಗಳಲ್ಲಿ ಎಂದೂ ಕೈಕೊಡದ ನಿಯಮವನ್ನು ವಿದ್ಯಾರ್ಥಿ ತರ್ಕಬದ್ಧವಾಗಿಯೇ ಹೊಸ ಜಾಗಕ್ಕೆ ವಿಸ್ತರಿಸಿದ್ದಾನೆ; 2/5 ಎಂಬುದು ಅರ್ಧಕ್ಕಿಂತಲೂ ಕಡಿಮೆ, ಅಂದರೆ ಅರ್ಧಕ್ಕೆ ಏನನ್ನೋ ಕೂಡಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತು ಎಂಬ ವಿರೋಧ ಅವನಿಗೇ ಕಾಣುವವರೆಗೆ ಆ ನಿಯಮ ಸಡಿಲಗೊಳ್ಳುವುದಿಲ್ಲ. ಇತರರನ್ನು ನೋಡಿ ಕಲಿಯುವುದಕ್ಕೆ ಒತ್ತು ಕೊಡುವ ಸಾಮಾಜಿಕ ಕಲಿಕೆಯ ಸಿದ್ಧಾಂತ ಕೇಳುವ ಪ್ರಶ್ನೆಯೇ ಬೇರೆ: ಇಂಥ ಲೆಕ್ಕವನ್ನು ಯಾರಾದರೂ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಬಿಡಿಸುವುದನ್ನು ಅವನು ನೋಡಿದ್ದಾನೆಯೇ, ಭಿನ್ನರಾಶಿ ತನ್ನಿಂದ ಆಗುವ ಕೆಲಸ ಎಂದು ಅವನು ನಂಬಿದ್ದಾನೆಯೇ?

ಇವುಗಳಲ್ಲಿ ಯಾವುದು ಸರಿ ಎಂಬುದನ್ನು ಗ್ರಂಥಾಲಯದಲ್ಲಿ ತೀರ್ಮಾನಿಸಲಾಗದು; ವಿದ್ಯಾರ್ಥಿಯ ಪಕ್ಕ ಎರಡು ನಿಮಿಷ ಕುಳಿತರೆ ತೀರ್ಮಾನಿಸಬಹುದು. ಹಂತಗಳನ್ನು ಬರೆದ ಚೀಟಿಯೊಂದನ್ನು ಎದುರಿಗಿಟ್ಟಾಗ ಉತ್ತರ ಸರಿಹೋದರೆ ತೊಂದರೆ ಹೊರೆಯದ್ದು. ‘ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಬೇಕು’ ಎಂದು ಅವನು ವಿಶ್ವಾಸದಿಂದ ವಿವರಿಸಿದರೆ ಅಲ್ಲಿರುವುದು ತಪ್ಪು ಪರಿಕಲ್ಪನೆ. ಐದು ಲೆಕ್ಕಗಳಲ್ಲಿ ಮೂರು ಸರಿ, ಎರಡು ತಪ್ಪು ಎಂದಾದರೆ ಬೇಕಿರುವುದು ಅಭ್ಯಾಸ. ಉತ್ತರದ ಜಾಗವನ್ನು ಖಾಲಿ ಬಿಟ್ಟು ತಲೆ ತಗ್ಗಿಸಿದರೆ ಲೆಕ್ಕಕ್ಕಿಂತ ಮೊದಲು ಧೈರ್ಯದ ಮಾತಾಡಬೇಕು. ಒಂದೇ ತರಗತಿಯಲ್ಲಿ ಈ ನಾಲ್ಕೂ ಬಗೆಯವರು ಇರುತ್ತಾರೆ ಎಂಬುದೇ ಒಂದೇ ವಾದಕ್ಕೆ ಅಂಟಿಕೊಳ್ಳಲಾಗದ ಕಾರಣ.

ವರ್ತನಾವಾದ: ಎಲ್ಲಿ ಇಂದಿಗೂ ಅನಿವಾರ್ಯ, ಎಲ್ಲಿ ಹಾನಿಕರ

ಪಾವ್ಲೋವ್ ನಾಯಿಗಳ ಜೊಲ್ಲಿನ ಮೇಲೆ ನಡೆಸಿದ ಪ್ರಯೋಗಗಳಿಂದ ಶಾಸ್ತ್ರೀಯ ಅನುಬಂಧನದ ಕಲ್ಪನೆ ಬಂತು, ಅಂದರೆ ಎರಡು ಸಂಗತಿಗಳು ಮತ್ತೆಮತ್ತೆ ಜೊತೆಯಾಗಿ ಬಂದರೆ ಒಂದಕ್ಕೆ ತೋರುವ ಪ್ರತಿಕ್ರಿಯೆ ಇನ್ನೊಂದಕ್ಕೂ ಅಂಟಿಕೊಳ್ಳುತ್ತದೆ ಎಂಬುದು. ಥಾರ್ನ್‌ಡೈಕ್ 1898ರಲ್ಲಿ ಒಗಟಿನ ಪೆಟ್ಟಿಗೆಗಳಲ್ಲಿ ಬೆಕ್ಕುಗಳನ್ನಿರಿಸಿ ಪ್ರಯತ್ನ-ದೋಷ ಕಲಿಕೆಯನ್ನು ವಿವರಿಸಿದರು. ವಾಟ್ಸನ್ 1913ರಲ್ಲಿ ಮನೋವಿಜ್ಞಾನ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆಂದು ಘೋಷಿಸಿದರು. ತರಗತಿಗೆ ಇವರೆಲ್ಲರಿಗಿಂತ ಹತ್ತಿರದವರು ಸ್ಕಿನ್ನರ್. 1953ರಲ್ಲಿ ತಮ್ಮ ಮಗಳ ಗಣಿತ ತರಗತಿಯಲ್ಲಿ ಕುಳಿತಿದ್ದಾಗ ಅವರಿಗೆ ಎರಡು ದೋಷಗಳು ಕಂಡವು. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕಾಗಿತ್ತು, ತಮ್ಮ ಉತ್ತರ ಸರಿಯೋ ತಪ್ಪೋ ಎಂಬುದು ಅವರಿಗೆ ತಕ್ಷಣ ತಿಳಿಯುತ್ತಿರಲಿಲ್ಲ. ಅವರ ಬೋಧನಾ ಯಂತ್ರವೂ, ಚಿಕ್ಕ ಹಂತಗಳಲ್ಲಿ ತಮ್ಮದೇ ವೇಗದಲ್ಲಿ ಸಾಗುವ ಅಭಿಕ್ರಮಿತ ಕಲಿಕೆಯೂ ಹುಟ್ಟಿದ್ದು ಈ ಗಮನಿಕೆಯಿಂದ. ಯಂತ್ರ ಮೂಲೆಗೆ ಸೇರಿತು. ಸ್ಕಿನ್ನರ್ ಎತ್ತಿದ ದೂರು ಮಾತ್ರ ಇಂದಿಗೂ ಹಾಗೆಯೇ ಇದೆ.

ಅಕ್ಷರ ಗುರುತಿಸುವುದು, ಕಾಗುಣಿತ, ಮಗ್ಗಿ, ಪ್ರಯೋಗಾಲಯದ ಸುರಕ್ಷತಾ ಕ್ರಮಗಳು, ತರಗತಿಯ ದೈನಂದಿನ ಶಿಸ್ತು ಇವೆಲ್ಲ ಯೋಚಿಸದೆ ತಾನಾಗಿ ಬರಬೇಕಾದ ಕೌಶಲಗಳು. ಇಲ್ಲಿ ಚಿಕ್ಕ ಹಂತ, ಪದೇಪದೇ ಅಭ್ಯಾಸ, ತಕ್ಷಣದ ಪ್ರತ್ಯಾದಾನ (ಸರಿಯೋ ತಪ್ಪೋ ಎಂದು ತಿಳಿಸುವುದು) ಎಂಬ ವರ್ತನಾವಾದದ ಸೂತ್ರವನ್ನು ಮೀರಿಸುವ ವಿಧಾನ ಇನ್ನೂ ಬಂದಿಲ್ಲ. ಆದರೆ ಅಭ್ಯಾಸವೆಂದರೆ ಬರಿಯ ಪುನರಾವರ್ತನೆ ಎಂದು ತಿಳಿಯುವುದು ಸ್ವತಃ ಥಾರ್ನ್‌ಡೈಕರಿಗೇ ಅಪಚಾರ. ಕಣ್ಣು ಕಟ್ಟಿಸಿಕೊಂಡು ಒಂದೇ ಅಳತೆಯ ಗೆರೆಗಳನ್ನು ಎಷ್ಟು ಸಲ ಎಳೆದರೂ, ಫಲಿತಾಂಶ ತಿಳಿಸದಿದ್ದರೆ ಕೈ ಸುಧಾರಿಸುವುದಿಲ್ಲ ಎಂಬುದನ್ನು ಕಂಡ ಮೇಲೆ ಅವರು ಪುನರಾವರ್ತನೆಯಿಂದಲೇ ಕಲಿಕೆ ಬಲಗೊಳ್ಳುತ್ತದೆ ಎಂಬ ತಮ್ಮ ಅಭ್ಯಾಸ ನಿಯಮವನ್ನೇ ತಿದ್ದಿಕೊಂಡರು. ತಪ್ಪಾಗಿ ಬರೆದ ಪದವನ್ನು ಇಪ್ಪತ್ತು ಸಲ ಬರೆಯಲು ಹೇಳಿ, ಬರೆದದ್ದನ್ನು ನೋಡದೆ ಸಹಿ ಹಾಕುವ ಪದ್ಧತಿಗೆ ಯಾವ ಸಿದ್ಧಾಂತದ ಬೆಂಬಲವೂ ಇಲ್ಲ.

ಋಣಾತ್ಮಕ ಪುನರ್ಬಲನವನ್ನು ಶಿಕ್ಷೆ ಎಂದು ಬರೆಯುವ ಅಭ್ಯಾಸ ಉತ್ತರಪತ್ರಿಕೆಗಳಿಂದ ಶಿಕ್ಷಕರ ಕೋಣೆಯವರೆಗೆ ಹಬ್ಬಿದೆ. ಅಹಿತಕರವಾದದ್ದನ್ನು ತೆಗೆದುಹಾಕಿ ವರ್ತನೆಯನ್ನು ಹೆಚ್ಚಿಸುವುದು ಋಣಾತ್ಮಕ ಪುನರ್ಬಲನ. ವರ್ತನೆಯನ್ನು ಕಡಿಮೆ ಮಾಡುವುದು ಶಿಕ್ಷೆ. ತರಗತಿಯಲ್ಲೇ ಎಲ್ಲ ಲೆಕ್ಕಗಳನ್ನು ಸರಿಯಾಗಿ ಮಾಡಿದವರಿಗೆ ಮನೆಗೆಲಸ ಇಲ್ಲ ಎನ್ನುವುದು ಮೊದಲನೆಯದಕ್ಕೆ ಉದಾಹರಣೆ.

ಬಹುಮಾನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಲಾಗಿತ್ತು. ಒಂದೆರಡು ವಾರಗಳ ನಂತರ ನೋಡಿದಾಗ ಆ ಗುಂಪಿನ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸುವ ಸಮಯ ಕಡಿಮೆಯಾಗಿತ್ತು. ಹೇಳದೆ ಅನಿರೀಕ್ಷಿತವಾಗಿ ಪ್ರಶಸ್ತಿಪತ್ರ ಪಡೆದವರಲ್ಲಿ ಅಂಥ ಕುಸಿತ ಇರಲಿಲ್ಲ. ಆದ್ದರಿಂದ ಮಗುವಿಗೆ ಆಸಕ್ತಿಯೇ ಇಲ್ಲದ ನೀರಸ ಅಭ್ಯಾಸಕ್ಕೆ ನಕ್ಷತ್ರ, ಅಂಕ, ಚಪ್ಪಾಳೆ ಬಳಸಬಹುದು. ಕಥೆ ಓದುವುದನ್ನು ಈಗಾಗಲೇ ಪ್ರೀತಿಸುವ ಮಗುವಿಗೆ ಓದಿದ ಪುಟಕ್ಕಿಷ್ಟು ಅಂಕ ಎಂದು ಗೊತ್ತುಮಾಡುವುದು ಕೈಯಾರೆ ಕೆಡಿಸಿದಂತೆ. ಪಾವ್ಲೋವ್ ಅವರ ಕಲ್ಪನೆಗೂ ಇಲ್ಲೊಂದು ಎಚ್ಚರಿಕೆಯ ಉಪಯೋಗವಿದೆ: ಪ್ರತಿ ಗಣಿತ ಅವಧಿಯೂ ಅವಮಾನದೊಂದಿಗೆ ಜೋಡಿಯಾದರೆ ಕೊನೆಗೆ ಗಣಿತ ಪುಸ್ತಕ ಕಂಡರೇ ಎದೆ ಡವಗುಟ್ಟುತ್ತದೆ.

ಸಂಜ್ಞಾನಾತ್ಮಕ ಸಿದ್ಧಾಂತಗಳು: ನಿತ್ಯದ ಪಾಠಕ್ಕೆ ಹೆಚ್ಚು ಫಲ ಕೊಡುವ ಆಯ್ಕೆ

ಒಂದೇ ಒಂದು ಸಿದ್ಧಾಂತದ ಗುಚ್ಛವನ್ನು ಚೆನ್ನಾಗಿ ಕಲಿಯಲು ಸಮಯವಿರುವ ಶಿಕ್ಷಕರಿಗೆ ನಾನು ಸೂಚಿಸುವುದು ಇದನ್ನೇ. ಕಾರಣ ಸರಳ: ಇದು ಸ್ಮೃತಿಯ ಮಿತಿಗಳನ್ನು ಹೇಳುತ್ತದೆ, ಆ ಮಿತಿಗಳು ಯಾವ ಬೋಧನಾ ಪದ್ಧತಿಯನ್ನು ಹಿಡಿದರೂ ಬೆನ್ನು ಬಿಡುವುದಿಲ್ಲ.

ಕಲಿತದ್ದು ಮೊದಮೊದಲು ಬೇಗ, ಅನಂತರ ನಿಧಾನವಾಗಿ ಮರೆತುಹೋಗುತ್ತದೆ ಎಂಬುದನ್ನು ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ 1885ರಲ್ಲಿ ತೋರಿಸಿದರು. ತಕ್ಷಣದ ಸ್ಮೃತಿ ಒಮ್ಮೆಗೆ ಸುಮಾರು 7 ಘಟಕಗಳನ್ನು ಹಿಡಿದಿಡಬಲ್ಲದು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನೆಲ್ಸನ್ ಕೋವನ್ 2001ರಲ್ಲಿ ಆ ಅಂದಾಜನ್ನು ಸುಮಾರು 4ಕ್ಕೆ ಇಳಿಸಿದರು. ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಮುಂದಿಟ್ಟ ಕಾರ್ಯಸ್ಮೃತಿಯ (ಯೋಚಿಸುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಮೃತಿಯ) ಮಾದರಿ ಮಾತಿನ ಮಾಹಿತಿಯನ್ನೂ ದೃಶ್ಯ ಮಾಹಿತಿಯನ್ನೂ ಬೇರೆ ಬೇರೆ ಭಾಗಗಳು ನಿಭಾಯಿಸುತ್ತವೆ ಎಂದಿತು. ಈ ತಳಹದಿಯ ಮೇಲೆ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ಸಂಜ್ಞಾನಾತ್ಮಕ ಹೊರೆಯ ಸಿದ್ಧಾಂತವನ್ನು ಕಟ್ಟಿದರು. ವಿಷಯದ ಕಠಿಣತೆಯಿಂದಲೇ ಬರುವ ಹೊರೆ ಒಂದು. ಶಿಕ್ಷಕರು ಅದನ್ನು ಮಂಡಿಸುವ ರೀತಿಯಿಂದ ಅನಗತ್ಯವಾಗಿ ಸೇರುವ ಹೊರೆ ಇನ್ನೊಂದು. ಮೊದಲನೆಯದನ್ನು ಒಂದೇಟಿಗೆ ಇಳಿಸಲಾಗದು, ಎರಡನೆಯದು ಪೂರ್ತಿಯಾಗಿ ಶಿಕ್ಷಕರ ಕೈಯಲ್ಲಿದೆ.

ಹೂವಿನ ಭಾಗಗಳ ಚಿತ್ರವನ್ನು ಕರಿಹಲಗೆಯ ಮೇಲೆ ಬಿಡಿಸಿ, ಭಾಗಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟು, ಹೆಸರುಗಳ ಪಟ್ಟಿಯನ್ನು ಹಲಗೆಯ ಇನ್ನೊಂದು ತುದಿಯಲ್ಲಿ ಬರೆಯುವುದು ಸಾಮಾನ್ಯ ರೂಢಿ. ಮಗು ಸಂಖ್ಯೆಯನ್ನು ನೆನಪಿಟ್ಟುಕೊಂಡು ಪಟ್ಟಿಗೆ ಹೋಗಿ, ಹೆಸರನ್ನು ನೆನಪಿಟ್ಟುಕೊಂಡು ಚಿತ್ರಕ್ಕೆ ಮರಳುವಷ್ಟರಲ್ಲಿ ಕಾರ್ಯಸ್ಮೃತಿಯ ಜಾಗವೆಲ್ಲ ಓಡಾಟಕ್ಕೇ ಖರ್ಚಾಗಿರುತ್ತದೆ. ಹೆಸರನ್ನು ಭಾಗದ ಪಕ್ಕದಲ್ಲೇ ಬರೆದರೆ ಆ ಹೊರೆ ಇಲ್ಲವಾಗುತ್ತದೆ. ಸೀಮೆಸುಣ್ಣವನ್ನು ಒಂದಡಿ ಸರಿಸುವುದರಲ್ಲಿ ಇರುವ ಸಿದ್ಧಾಂತ ಇದು.

ಬಿಡಿಸಿ ತೋರಿಸಿದ ಉದಾಹರಣೆಗಳ ಮಹತ್ವವೂ ಇಲ್ಲಿಂದಲೇ ಬಂದದ್ದು. ಬೀಜಗಣಿತ ಕಲಿಯುವ ಹೊಸಬರು ಲೆಕ್ಕಗಳನ್ನು ತಾವೇ ಬಿಡಿಸುತ್ತ ಹೋಗುವುದಕ್ಕಿಂತ, ಬಿಡಿಸಿದ ಲೆಕ್ಕವೊಂದನ್ನು ಪರಿಶೀಲಿಸಿ ಅಂಥದೇ ಇನ್ನೊಂದನ್ನು ಮಾಡುವುದರಿಂದ ಬೇಗ ಕಲಿಯುತ್ತಾರೆ ಎಂಬುದನ್ನು ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ತೋರಿಸಿದರು. ಆದರೆ ಈ ಲಾಭ ಎಲ್ಲರಿಗೂ ಎಲ್ಲ ಕಾಲಕ್ಕೂ ಇರುವುದಿಲ್ಲ. ವಿಷಯ ಕೈಗೆ ಹತ್ತಿದವರಿಗೆ ಹಂತಹಂತದ ವಿವರಣೆ ನೆರವಾಗುವ ಬದಲು ಅಡ್ಡಿಯಾಗುತ್ತದೆ. ಇದನ್ನು ಪರಿಣತಿಯಿಂದ ಫಲಿತಾಂಶ ತಿರುವುಮುರುವಾಗುವ ಪರಿಣಾಮ ಎಂದು ಕರೆಯುತ್ತಾರೆ. ಇಡೀ ಹೋಲಿಕೆಯಲ್ಲಿ ಶಿಕ್ಷಕರು ನೆನಪಿಡಲೇಬೇಕಾದ ಸಂಗತಿ ಒಂದಿದ್ದರೆ ಅದು ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ನೇರ ಬೋಧನೆಯೋ ಅನ್ವೇಷಣೆಯೋ ಎಂಬ ಹಳೆಯ ಜಗಳದ ಅರ್ಧ ಭಾಗ ಇಲ್ಲಿಯೇ ಕರಗುತ್ತದೆ.

ಪೂರ್ವಜ್ಞಾನ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ ಚದುರಂಗದ ಪ್ರಯೋಗ ಉತ್ತರ ಕೊಡುತ್ತದೆ. ನಿಜವಾದ ಆಟದ ನಡುವಿನ ಮಣೆಯನ್ನು ಕೆಲವೇ ಸೆಕೆಂಡು ತೋರಿಸಿದಾಗ ನುರಿತ ಆಟಗಾರರು ಕಾಯಿಗಳ ಜಾಗವನ್ನು ಹೊಸಬರಿಗಿಂತ ಬಹಳ ಚೆನ್ನಾಗಿ ನೆನಪಿಸಿಕೊಂಡರು. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಬಹುಪಾಲು ಮಾಯವಾಯಿತು. ನುರಿತವರ ಸ್ಮೃತಿ ದೊಡ್ಡದಾಗಿರಲಿಲ್ಲ, ಅವರ ತಲೆಯಲ್ಲಿ ವಿನ್ಯಾಸಗಳ ಸಂಗ್ರಹ ಇತ್ತು. ಕಲಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರುವುದು ಕಲಿಯುವವರಿಗೆ ಈಗಾಗಲೇ ಗೊತ್ತಿರುವ ವಿಷಯ ಎಂದು ಆಸುಬೆಲ್ 1968ರಲ್ಲಿ ಹೇಳಿದ್ದನ್ನು ಇದರೊಂದಿಗೆ ಇಟ್ಟು ಓದಬೇಕು. ‘ಮಾಹಿತಿ ಬೇಡ, ಯೋಚಿಸುವುದನ್ನು ಕಲಿಸಿ’ ಎನ್ನುವವರು ಈ ಚದುರಂಗದ ಮಣೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ನೆನಪಿನಿಂದ ಹೊರತೆಗೆಯುವ ಅಭ್ಯಾಸ ಈ ಗುಚ್ಛದ ಇನ್ನೊಂದು ಕೊಡುಗೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ ಗದ್ಯಭಾಗವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರದ ಪರೀಕ್ಷೆಯಲ್ಲಿ, ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದಿದ್ದವರು ಮುಂದಾದರು. ಆದ್ದರಿಂದ ಕಿರುಪರೀಕ್ಷೆಯನ್ನು ಅಳೆಯುವ ಸಾಧನ ಎಂದಷ್ಟೇ ನೋಡದೆ ಕಲಿಸುವ ಸಾಧನ ಎಂದೂ ಬಳಸಬೇಕು. ಅವಧಿಯ ಆರಂಭದಲ್ಲಿ ಹಿಂದಿನ ವಾರದ ಮೂರು ಪ್ರಶ್ನೆಗಳನ್ನು ಕೇಳಿ, ಅಂಕ ಹಾಕದೆ, ಉತ್ತರವನ್ನು ಅಲ್ಲೇ ಸರಿಪಡಿಸಿದರೆ ಸಾಕು.

ಈ ಸಿದ್ಧಾಂತಗಳ ಕೊರತೆ ಎಂದರೆ, ಮಗು ಕಲಿಯಲು ಏಕೆ ಬಯಸಬೇಕು ಎಂಬುದರ ಬಗ್ಗೆ ಇವು ಹೆಚ್ಚೇನೂ ಹೇಳುವುದಿಲ್ಲ. ಹೊರೆಯನ್ನು ಅಚ್ಚುಕಟ್ಟಾಗಿ ಹಂಚಿದ ಪಾಠವೂ ಬೇಸರ ತರಿಸಬಹುದು.

ರಚನಾವಾದ: ಸಿದ್ಧಾಂತ ಒಂದು, ಅದರ ಹೆಸರಿನಲ್ಲಿ ನಡೆಯುವುದು ಇನ್ನೊಂದು

ಪಿಯಾಜೆ ಮತ್ತು ವೈಗಾಟ್ಸ್ಕಿ ಇಬ್ಬರೂ 1896ರಲ್ಲಿ ಹುಟ್ಟಿದವರು, ಇಬ್ಬರೂ ರಚನಾವಾದದ ಮೂಲಪುರುಷರು. ಆದರೆ ತರಗತಿಯಲ್ಲಿ ಅವರ ಸಲಹೆಗಳು ಒಂದೇ ಅಲ್ಲ. ಪಿಯಾಜೆ ಪ್ರಕಾರ ಹೊಸ ಅನುಭವವನ್ನು ಮಗು ಮೊದಲು ತನ್ನ ಹಳೆಯ ಸ್ಕೀಮಾಗಳೊಳಗೆ, ಅಂದರೆ ತಿಳಿವಳಿಕೆಯ ಚೌಕಟ್ಟುಗಳೊಳಗೆ, ಸೇರಿಸಿಕೊಳ್ಳಲು ನೋಡುತ್ತದೆ. ಅದು ಹೊಂದದೆ ಸಮತೋಲ ತಪ್ಪಿದಾಗ ಸ್ಕೀಮಾವನ್ನೇ ಬದಲಿಸಿಕೊಳ್ಳುತ್ತದೆ. ಕಲಿಕೆ ಬೆಳವಣಿಗೆಯ ಹಿಂದೆ ನಡೆಯುತ್ತದೆ, ಆದ್ದರಿಂದ ಮಗು ಸಿದ್ಧವಾಗುವವರೆಗೆ ಕಾಯಬೇಕು ಎಂಬ ಅರ್ಥ ಇದರಿಂದ ಹೊರಟಿತು. ವೈಗಾಟ್ಸ್ಕಿ ಇದನ್ನು ತಿರುಗಿಸಿ, ಒಳ್ಳೆಯ ಬೋಧನೆ ಬೆಳವಣಿಗೆಯ ಮುಂದೆ ನಡೆದು ಅದನ್ನು ಎಳೆಯಬೇಕು ಎಂದರು. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವೇ ಅವರು ಹೇಳಿದ ಸಮೀಪಸ್ಥ ವಿಕಾಸ ವಲಯ.

ಇಬ್ಬರಲ್ಲಿ ಆರಿಸಬೇಕಾದಾಗ ನನ್ನ ಒಲವು ವೈಗಾಟ್ಸ್ಕಿಯ ಕಡೆಗೆ. ಪಿಯಾಜೆಯ ವಯೋಹಂತಗಳನ್ನು ಗಟ್ಟಿ ಗೋಡೆಗಳೆಂದು ಭಾವಿಸಿ ‘ಈ ವಯಸ್ಸಿಗೆ ಇದು ಅರ್ಥವಾಗದು’ ಎಂದು ತೀರ್ಪು ಕೊಡುವುದು ಸುಲಭವಾಗಿಬಿಡುತ್ತದೆ. 1970ರ ದಶಕದಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಪಿಯಾಜೆಯ ಸಂಖ್ಯಾ ನಿತ್ಯತೆಯ (ಜೋಡಣೆ ಬದಲಾದರೂ ಸಂಖ್ಯೆ ಬದಲಾಗದು ಎಂಬ ಅರಿವಿನ) ಪ್ರಯೋಗವನ್ನೇ ಸ್ವಲ್ಪ ಬದಲಿಸಿ ನಡೆಸಿದರು. ಒಂದೇ ಸಂಖ್ಯೆಯ ಬಿಲ್ಲೆಗಳ ಎರಡು ಸಾಲುಗಳಲ್ಲಿ ಒಂದನ್ನು ದೊಡ್ಡವರು ಬೇಕೆಂದೇ ಹರಡಿ ‘ಈಗ ಯಾವುದರಲ್ಲಿ ಹೆಚ್ಚಿದೆ’ ಎಂದು ಕೇಳುವ ಬದಲು, ತುಂಟ ಗೊಂಬೆಯೊಂದು ಬಂದು ಆಟವನ್ನು ಕೆಡಿಸಿದಂತೆ ಮಾಡಿ ಅದೇ ಪ್ರಶ್ನೆ ಕೇಳಿದರು. ಸರಿಯುತ್ತರ ಕೊಟ್ಟ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಪ್ರಶ್ನೆ ಕೇಳಿದ ಸಂದರ್ಭ ಬದಲಾದೊಡನೆ ‘ಬಾರದ್ದು’ ಬಂತು ಎಂದರೆ, ಮಗುವಿನ ಮಿತಿ ಎಂದು ನಾವು ಬರೆದಿಟ್ಟದ್ದರಲ್ಲಿ ಒಂದು ಪಾಲು ನಮ್ಮ ಪ್ರಶ್ನೆಯ ಮಿತಿ.

ನೆರವಿನ ಆಧಾರಕಟ್ಟು, ಅಂದರೆ ಸ್ಕ್ಯಾಫೋಲ್ಡಿಂಗ್ ಎಂಬ ಮಾತನ್ನು ವೈಗಾಟ್ಸ್ಕಿಯ ಬಾಯಲ್ಲಿ ಹೇಳಿಸುವ ರೂಢಿಯಿದೆ. ಬೋಧನೆಯ ಚರ್ಚೆಗೆ ಅದು ಬಂದದ್ದು ಅವರು ತೀರಿಕೊಂಡು ನಾಲ್ಕು ದಶಕಗಳ ನಂತರ, 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಬರೆದ ಲೇಖನದಿಂದ. ಮರದ ತುಂಡುಗಳಿಂದ ಪಿರಮಿಡ್ ಕಟ್ಟುವ ಪುಟ್ಟ ಮಕ್ಕಳಿಗೆ ದೊಡ್ಡವರು ಹೇಗೆ ನೆರವಾಗುತ್ತಾರೆ ಎಂಬುದನ್ನು ಅವರು ಗಮನಿಸಿದ್ದರು. ಇದರ ಒಂದು ಸೊಗಸಾದ ಬಳಕೆ ಪಾಲಿನ್‌ಸಾರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ ಪರಸ್ಪರ ಬೋಧನೆ: ಗದ್ಯಭಾಗವೊಂದನ್ನು ಓದಿ ಸಾರ ಹೇಳುವುದು, ಪ್ರಶ್ನೆ ಕೇಳುವುದು, ಅರ್ಥವಾಗದ್ದನ್ನು ಬಿಡಿಸಿಕೊಳ್ಳುವುದು, ಮುಂದೇನು ಬರಬಹುದೆಂದು ಊಹಿಸುವುದು ಎಂಬ ನಾಲ್ಕು ಕೆಲಸಗಳನ್ನು ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ, ಅನಂತರ ಶಿಕ್ಷಕರ ಪಾತ್ರವನ್ನು ಮಕ್ಕಳೇ ಸರದಿಯಂತೆ ವಹಿಸುತ್ತಾರೆ. ಓದಿ ಗ್ರಹಿಸುವ ಪಾಠಕ್ಕೆ ಇದಕ್ಕಿಂತ ಸುಲಭವಾಗಿ ಅಳವಡಿಸಬಹುದಾದ ರಚನಾವಾದಿ ಪದ್ಧತಿ ನನಗೆ ಕಂಡಿಲ್ಲ.

ತೊಂದರೆ ಹುಟ್ಟುವುದು ‘ಜ್ಞಾನವನ್ನು ಮಗುವೇ ಕಟ್ಟಿಕೊಳ್ಳುತ್ತದೆ’ ಎಂಬ ಮಾತಿನಿಂದ ‘ಆದ್ದರಿಂದ ಶಿಕ್ಷಕರು ಹೇಳಬಾರದು’ ಎಂಬ ತೀರ್ಮಾನಕ್ಕೆ ಜಿಗಿದಾಗ. ರಚನಾವಾದ ಕಲಿಕೆ ಹೇಗೆ ನಡೆಯುತ್ತದೆ ಎಂಬುದರ ವಿವರಣೆ. ಶಿಕ್ಷಕರ ಉಪನ್ಯಾಸವನ್ನು ಗಮನವಿಟ್ಟು ಕೇಳುವ ಮಗುವೂ ಒಳಗೆ ಅರ್ಥವನ್ನು ಕಟ್ಟುತ್ತಲೇ ಇರುತ್ತದೆ. ಕೈಯಲ್ಲಿ ಕತ್ತರಿ, ಬಣ್ಣದ ಕಾಗದ ಹಿಡಿದು ಗದ್ದಲದಲ್ಲಿ ಮುಳುಗಿದ ಮಗು ಏನನ್ನೂ ಕಟ್ಟದೆ ಇರಬಹುದು. ಮಾರ್ಗದರ್ಶನವಿಲ್ಲದ ಅನ್ವೇಷಣಾ ಕಲಿಕೆ ದಶಕದಿಂದ ದಶಕಕ್ಕೆ ಹೊಸ ಹೆಸರಿನಲ್ಲಿ ಮರಳಿ ಬಂದು ಪ್ರತಿಸಲವೂ ಪುರಾವೆಯ ಮುಂದೆ ಸೋತಿದೆ ಎಂದು ರಿಚರ್ಡ್ ಮೇಯರ್ 2004ರಲ್ಲಿ ವಾದಿಸಿದರು. 2006ರಲ್ಲಿ ಕರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಸಮಸ್ಯಾಧಾರಿತ ಕಲಿಕೆಯನ್ನೂ ಇದೇ ಸಾಲಿಗೆ ಸೇರಿಸಿ ಟೀಕಿಸಿದಾಗ, ಮರುವರ್ಷ ಮೆಲೊ-ಸಿಲ್ವರ್, ಡಂಕನ್ ಮತ್ತು ಚಿನ್ ಅದಕ್ಕೆ ಉತ್ತರಿಸಿ, ಚೆನ್ನಾಗಿ ರೂಪಿಸಿದ ಸಮಸ್ಯಾಧಾರಿತ ಕಲಿಕೆಯಲ್ಲಿ ಮಾರ್ಗದರ್ಶನ ಹೇರಳವಾಗಿರುತ್ತದೆ ಎಂದರು. ಎರಡೂ ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ನೆರವಿಲ್ಲದೆ ಹೊಸಬರನ್ನು ಬಿಡಬಾರದು ಎಂಬಲ್ಲಿ ಎರಡು ಪಕ್ಷಗಳೂ ಒಪ್ಪುತ್ತವೆ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಮೊದಲು ಒದ್ದಾಡಲು ಬಿಟ್ಟು ಆಮೇಲೆ ಕಲಿಸುವುದಕ್ಕೆ ಎಡೆಯೇ ಇಲ್ಲವೇ? ಇದೆ. ಮನು ಕಪೂರ್ 2008ರಿಂದ ಬೆಳೆಸಿದ ಫಲಪ್ರದ ವೈಫಲ್ಯದ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಇನ್ನೂ ಕಲಿಸದ ಪರಿಕಲ್ಪನೆಯ ಸಮಸ್ಯೆಯೊಂದನ್ನು ತಮ್ಮದೇ ದಾರಿಗಳಲ್ಲಿ ಬಿಡಿಸಲು ಹೆಣಗುತ್ತಾರೆ. ಬಳಿಕ ಶಿಕ್ಷಕರು ಅವರ ದಾರಿಗಳನ್ನೇ ಎತ್ತಿಕೊಂಡು, ಅವು ಎಲ್ಲಿ ನಿಲ್ಲುತ್ತವೆ ಎಂದು ತೋರಿಸಿ, ಸರಿಯಾದ ವಿಧಾನವನ್ನು ಕಲಿಸುತ್ತಾರೆ. ಇಲ್ಲಿ ಎರಡನೆಯ ಭಾಗವನ್ನು ಬಿಟ್ಟರೆ ಉಳಿಯುವುದು ಬರಿಯ ವೈಫಲ್ಯ. ಸಮಸ್ಯೆಗೆ ಕೈ ಹಾಕುವಷ್ಟು ಪೂರ್ವಜ್ಞಾನವೂ ಇರಬೇಕು: ಸರಾಸರಿ ಗೊತ್ತಿರುವವರಿಗೆ, ದತ್ತಾಂಶ ಎಷ್ಟು ಚದುರಿದೆ ಎಂಬುದನ್ನು ಅಳೆಯುವ ದಾರಿ ಹುಡುಕಲು ಹೇಳಬಹುದು, ಸರಾಸರಿಯೇ ಗೊತ್ತಿಲ್ಲದವರಿಗೆ ಹೇಳಲಾಗದು.

ನೋಡಿ ಕಲಿಯುವುದು, ನಂಬಿ ಕಲಿಯುವುದು

ಸಾಮಾಜಿಕ ಕಲಿಕೆಯ ಸಿದ್ಧಾಂತ ಕೊಟ್ಟ ಬಂಡೂರ ಎಂದರೆ 1961ರ ಬೋಬೊ ಗೊಂಬೆಯ ಪ್ರಯೋಗ ನೆನಪಾಗುತ್ತದೆ; ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಹಾಗೆಯೇ ಹೊಡೆದರು. ತರಗತಿಗೆ ಇದಕ್ಕಿಂತ ಹೆಚ್ಚು ಬೇಕಾದದ್ದು ಅವರು 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯದ ನಂಬಿಕೆಯ ಕಲ್ಪನೆ. ಈ ನಂಬಿಕೆಗೆ ಬಲವಾದ ಮೂಲ ಸ್ವಂತ ಯಶಸ್ಸು. ಅದರ ನಂತರ ತನ್ನಂಥವರ ಯಶಸ್ಸನ್ನು ಕಾಣುವುದು. ‘ನಿನ್ನಿಂದ ಆಗುತ್ತದೆ’ ಎಂಬ ಮಾತು ಇವೆರಡಕ್ಕಿಂತ ದುರ್ಬಲ, ಆದರೂ ನಾವು ಹೆಚ್ಚು ಬಳಸುವುದು ಅದನ್ನೇ. ಶಂಕ್ ಮತ್ತು ಹ್ಯಾನ್ಸನ್ 1985ರಲ್ಲಿ, ವ್ಯವಕಲನದಲ್ಲಿ ಹಿಂದುಳಿದಿದ್ದ ಮಕ್ಕಳಿಗೆ ಸಹಪಾಠಿಯೊಬ್ಬರು ಲೆಕ್ಕ ಕಲಿಯುವುದನ್ನು ತೋರಿಸಿದಾಗ, ಶಿಕ್ಷಕರು ಮಾಡಿ ತೋರಿಸಿದ್ದಕ್ಕಿಂತ ಅವರ ನಂಬಿಕೆಯೂ ಕಲಿಕೆಯೂ ಹೆಚ್ಚು ಏರಿದ್ದನ್ನು ಕಂಡರು. ಆದ್ದರಿಂದ ಹಲಗೆಯ ಬಳಿಗೆ ಯಾವಾಗಲೂ ತರಗತಿಯ ಅತಿ ಜಾಣರನ್ನೇ ಕರೆಯುವುದು ಒಳ್ಳೆಯ ಆಯ್ಕೆಯಲ್ಲ. ತಡವರಿಸಿ, ತಪ್ಪನ್ನು ತಾನೇ ಹಿಡಿದು, ತಿದ್ದಿಕೊಂಡು ಮುಗಿಸುವ ಮಧ್ಯಮ ವಿದ್ಯಾರ್ಥಿ ಹಿಂದಿನ ಸಾಲಿನವರಿಗೆ ಹೆಚ್ಚು ಹತ್ತಿರದ ಮಾದರಿ.

ನಿಜವಾದ ಕೆಲಸದಲ್ಲಿ ನುರಿತವರ ಜೊತೆ ಪಾಲ್ಗೊಳ್ಳುತ್ತ ಕಲಿಯುವ ಸನ್ನಿವೇಶಾತ್ಮಕ ಕಲಿಕೆಯ ಬಗ್ಗೆ ಲೇವ್ ಮತ್ತು ವೆಂಗರ್ 1991ರಲ್ಲಿ ಬರೆದದ್ದು ವೃತ್ತಿಶಿಕ್ಷಣ, ಶಿಷ್ಯವೃತ್ತಿ ಮತ್ತು ಪ್ರಯೋಗಾಲಯದ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ; ಉಳಿದ ಪಾಠಗಳಿಗೆ ಅದನ್ನು ಎಳೆದು ತರಬೇಕಾಗಿಲ್ಲ.

ಆಯ್ಕೆಗಳ ಪಟ್ಟಿಯಿಂದಲೇ ತೆಗೆಯಬೇಕಾದವು

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕೆಂಬ ಮಾತು ಅನೇಕ ತರಬೇತಿಗಳಲ್ಲಿ ಸಿದ್ಧಾಂತದ ಸ್ಥಾನ ಪಡೆದಿದೆ. ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಈ ಕ್ಷೇತ್ರದ ಅಧ್ಯಯನಗಳನ್ನು ಪರಿಶೀಲಿಸಿ, ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ತಿಳಿಸಿದರು. ಮಕ್ಕಳಿಗೆ ಇಷ್ಟಾನಿಷ್ಟಗಳಿರುವುದು ನಿಜ. ಆದರೆ ನಕಾಶೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಉಚ್ಚಾರಣೆಯನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಮಾಧ್ಯಮವನ್ನು ನಿರ್ಧರಿಸುವುದು ವಿಷಯ.

ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಎಂಬ ಶಂಕುವಿನ ಚಿತ್ರವೂ ಹಾಗೆಯೇ. ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ಅನುಭವದ ಶಂಕುವಿನಲ್ಲಿ ಶೇಕಡಾವಾರು ಅಂಕಿಗಳೇ ಇರಲಿಲ್ಲ. ಅವು ಆಮೇಲೆ ಅಂಟಿಕೊಂಡವು. ಅಷ್ಟು ದುಂಡಾದ ಅಂಕಿಗಳು ಯಾವ ಪ್ರಯೋಗದಿಂದ ಬಂದಾವು ಎಂದು ಅನೇಕರಿಗೆ ಸಂಶಯ ಬಾರದಿದ್ದುದು ವಿಚಿತ್ರ.

ಒಂದೇ ಪಾಠದೊಳಗೆ ಆಯ್ಕೆ ಬದಲಾಗುವ ಬಗೆ

ಭಿನ್ನರಾಶಿಯ ಘಟಕವನ್ನೇ ಮತ್ತೆ ತೆಗೆದುಕೊಂಡರೆ, ಮೊದಲ ಅವಧಿಗೆ ರಚನಾವಾದ ಹೊಂದುತ್ತದೆ: ಕಾಗದದ ಪಟ್ಟಿಯನ್ನು ಮಡಿಸಿ ಅರ್ಧ ಮತ್ತು ಮೂರನೇ ಒಂದು ಭಾಗವನ್ನು ಪಕ್ಕಪಕ್ಕ ಇಟ್ಟು, 2/5 ಎಂಬ ಉತ್ತರ ಏಕೆ ಆಗಲಾರದು ಎಂಬುದನ್ನು ಮಕ್ಕಳೇ ಕಾಣಲಿ. ಹಳೆಯ ನಿಯಮ ಅಲುಗಾಡಿದ ಮೇಲೆ ಸಂಜ್ಞಾನಾತ್ಮಕ ದಾರಿಗೆ ಹೊರಳಬೇಕು; 3/6 + 2/6 = 5/6 ಎಂಬವರೆಗಿನ ಹಂತಗಳನ್ನು ಪೂರ್ತಿ ಬಿಡಿಸಿ ತೋರಿಸಿ, ಮುಂದಿನ ಲೆಕ್ಕದಲ್ಲಿ ಕೊನೆಯ ಹಂತವನ್ನಷ್ಟೇ ಖಾಲಿ ಬಿಟ್ಟು, ಅದರ ಮುಂದಿನದರಲ್ಲಿ ಕೊನೆಯ ಎರಡು ಹಂತಗಳನ್ನು ಬಿಟ್ಟು, ಹೀಗೆ ನೆರವನ್ನು ಹಿಂದಕ್ಕೆ ತೆಗೆಯುತ್ತ ಹೋಗಬೇಕು. ವಿಧಾನ ಹಿಡಿತಕ್ಕೆ ಬಂದ ಬಳಿಕ ತಕ್ಷಣದ ಪ್ರತ್ಯಾದಾನವಿರುವ ಅಭ್ಯಾಸ, ಅಂದರೆ ವರ್ತನಾವಾದದ ಪಾಲು. ಈ ಅಭ್ಯಾಸದಲ್ಲಿ ಸಂಕಲನದ ಲೆಕ್ಕಗಳನ್ನೇ ಸಾಲಾಗಿ ಕೊಡದೆ ನಡುನಡುವೆ ಗುಣಾಕಾರದ್ದನ್ನೂ ಬೆರೆಸಿದರೆ, ಯಾವ ಲೆಕ್ಕಕ್ಕೆ ಯಾವ ವಿಧಾನ ಎಂಬ ಆಯ್ಕೆಯ ಅಭ್ಯಾಸವೂ ಆಗುತ್ತದೆ.

ಇತಿಹಾಸ ಅಥವಾ ಸಾಹಿತ್ಯದ ಪಾಠದಲ್ಲಿ ಈ ಕ್ರಮ ತಲೆಕೆಳಗಾಗಬಹುದು. ಒಂದು ಯುದ್ಧದ ಕಾರಣಗಳನ್ನು ಚರ್ಚಿಸಬೇಕಾದರೆ ಘಟನೆಗಳ ಪರಿಚಯ ಮೊದಲೇ ಇರಬೇಕು. ಆದ್ದರಿಂದ ಅಲ್ಲಿ ನೇರ ವಿವರಣೆ ಮುಂದೆ, ಚರ್ಚೆ ಹಿಂದೆ. ಒಬ್ಬರೇ ಶಿಕ್ಷಕರು ಬಹಳ ಮಕ್ಕಳನ್ನು ನೋಡಿಕೊಳ್ಳಬೇಕಾದಲ್ಲಿ ವೈಯಕ್ತಿಕ ನೆರವು ಎಲ್ಲರಿಗೂ ತಲುಪದು; ಅಂಥ ಕಡೆ ಸಹಪಾಠಿಗಳ ಜೋಡಿ, ಬಿಡಿಸಿದ ಉದಾಹರಣೆಯ ಹಾಳೆ ಮತ್ತು ಅವಧಿಯ ಆರಂಭದ ಕಿರುಪ್ರಶ್ನೆಗಳು ಹೆಚ್ಚು ದೂರ ಸಾಗುತ್ತವೆ, ಮುಕ್ತ ಯೋಜನೆಗಳು ಬೇಗ ಕೈಮೀರುತ್ತವೆ.

ಆರಿಸಿದ ದಾರಿ ತಪ್ಪಿದೆ ಎಂಬುದು ಪಾಠ ಮುಗಿದ ದಿನ ಗೊತ್ತಾಗುವುದಿಲ್ಲ. ಒಂದೇ ಬಗೆಯ ಲೆಕ್ಕಗಳನ್ನು ಈಗಷ್ಟೇ ಮಾಡಿ ಮುಗಿಸಿದ ತರಗತಿ ಯಾವ ಪದ್ಧತಿಯಲ್ಲಿ ಕಲಿತಿದ್ದರೂ ಚೆನ್ನಾಗಿಯೇ ಉತ್ತರಿಸುತ್ತದೆ. ಮೂರು ವಾರ ಬಿಟ್ಟು, ಬೇರೊಂದು ಘಟಕದ ನಡುವೆ, ಮುನ್ಸೂಚನೆಯಿಲ್ಲದೆ ಎರಡು ಪ್ರಶ್ನೆ ಕೊಡಬೇಕು: ಒಂದು ಅಂದು ಮಾಡಿಸಿದ ರೀತಿಯದೇ, ಇನ್ನೊಂದು ಅದೇ ಪರಿಕಲ್ಪನೆಯನ್ನು ಹೊಸ ವೇಷದಲ್ಲಿ ಕೇಳುವಂಥದ್ದು. ಮೊದಲನೆಯದಕ್ಕೇ ಉತ್ತರ ಬಾರದಿದ್ದರೆ ಅಭ್ಯಾಸವನ್ನು ದಿನಗಳ ಅಂತರದಲ್ಲಿ ಹಂಚಿ ಮತ್ತೆ ಕೊಡಬೇಕು. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ವಿಧಾನ ಕೈಗೆ ಬಂದಿದೆ, ಅರ್ಥ ಬಂದಿಲ್ಲ. ಅಂಥ ಮಕ್ಕಳಿಗೆ ಇನ್ನಷ್ಟು ಲೆಕ್ಕ ಕೊಡುವ ಬದಲು ಮಡಿಸಿದ ಕಾಗದದ ಪಟ್ಟಿಯನ್ನು ಮತ್ತೊಮ್ಮೆ ಕೈಗಿತ್ತು, ಉತ್ತರ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಮಾಡುವ ಮೊದಲೇ ಊಹಿಸಲು ಹೇಳಬೇಕು.